ಜೀಪಿನ ಬಲಗಡೆ ಸೀಟು

ಮಂಡಿಕಲ್ಲಿನಲ್ಲಿ ಗಮಕ ವಾಚನ ಕೇಳಿಕೊಂಡು ಬರುತ್ತಿದ್ದಾಗ, ಚಿಂತಾಮಣಿ ಇನ್ನೆರಡು ಮೈಲಿ ಇದೆ ಎನ್ನುವಲ್ಲಿ ಮಳೆ ಹಿಡಿಯಿತು. ನಾನು, ಕಾರು ಓಡಿಸುತ್ತಿದ್ದ ಸುನೀಲ್, ಅವನ ಹೆಂಡತಿ ರೂಪ, ಮೂವರೂ ಕಾರು ನಿಲ್ಲಿಸಿ ಪರಿಚಯದ ದಸ್ತಗಿರ್ ಸಾಬರ ಶೆಡ್ಡಿಗೆ ನುಗ್ಗಿದೆವು. ಗುಜರಿಗೆ ಬಿದ್ದ ಮಿಲಿಟರಿ ಗಾಡಿಗಳನ್ನು ತಂದು ಮತ್ತೆ ಓಡುವಂತೆ ಮಾಡುವುದು ಎಪ್ಪತ್ತೈದು ದಾಟಿದ ಸಾಬರ ಕಸುಬು. ಮೂಲೆಯಲ್ಲಿ ಹಸಿರು ಜೀಪೊಂದು ಹೊಳೆಯುತ್ತಿತ್ತು.

"ಒಂದು ರೌಂಡು ಓಡಿಸ್ಲಾ ಸಾಬ್ರೇ?" ಎಂದ ಸುನೀಲ್.

"ಇವರಿಗೆ ಕಾರೇ ನೆಟ್ಟಗೆ ಬರಲ್ಲ, ಕೊಡ್ಬೇಡಿ," ಎಂದಳು ರೂಪ.

ಸಾಬರು ನಗಲಿಲ್ಲ. ಚಹಾ ಕೊಟ್ಟು, ನಮ್ಮ ನಡುವೆ ಬೆಂಚಿನ ಮೇಲೆ ಕುಳಿತು, ವಾಚನಕಾರರು ಪದ್ಯಕ್ಕೆ ಮೊದಲು ಮಾಡುವಂತೆ ಉಸಿರೆಳೆದು ಕತೆ ಎತ್ತಿಕೊಂಡರು.

"ಕೇಳ್ರಪ್ಪ... ಆ ಜೀಪು ಗೌರಿಬಿದನೂರಿನ ಗುಜರಿಯಲ್ಲಿ ಸಿಕ್ತು. ಮೂರು ಪದರ ಬಣ್ಣ ಕೆರೆದೆ, ಅಡಿಯಲ್ಲಿ ಮಿಲಿಟರಿ ನಂಬರು ಎದ್ದು ಬಂತು. ನಂಬರು ಸಿಕ್ಕಿದ್ರೆ ಫೋಟೋ ತೆಗೆದು ಮಾಜಿ ಸೈನಿಕರ ವಾಟ್ಸಾಪಿಗೆ ಹಾಕೋದು ನನ್ನ ಪದ್ಧತಿ, ಓಡಿಸಿದೋರು ಯಾರಾದ್ರೂ ಬದುಕಿದ್ರೆ ನೋಡ್ಲಿ ಅಂತ. ಯಾರು ಬಂದ್ರು ಗೊತ್ತಾ? ವೆಂಕಟರತ್ನಮ್ಮ ಅಂತ, ಶಿಡ್ಲಘಟ್ಟದ ಕಡೆಯೋರು. ಕೈಯಲ್ಲಿ ಹಳೇ ಪಟ, ಅದೇ ಜೀಪು, ಅದೇ ನಂಬರು, ಪಕ್ಕದಲ್ಲಿ ಅವರ ಯಜಮಾನ್ರು ಮುನಿಶಾಮಪ್ಪ. ಗಡಿಯಲ್ಲಿ ಹಿಮ ಕುಸಿದು ಹೋದೋರು, ದೇಹ ಕೂಡ ಬರ್ಲಿಲ್ಲ. 'ಸ್ವಲ್ಪ ಹೊತ್ತು ಕೂತ್ಕೊಳ್ಲಾ ಸಾಬ್ರೇ?' ಅಂದ್ರು. ಎಡಗಡೆ ಹತ್ತಿ ಕೂತ್ರು. ಕೂತಿದ್ದೇ ತಡ... ಬಲಗಡೆ ಡ್ರೈವರ್ ಸೀಟು, ಯಾರೂ ಇಲ್ಲದ ಸೀಟು, ಸ್ಪ್ರಿಂಗು ಕಿರ್ರ್ ಅಂತ ಕೆಳಗೆ ಇಳೀತಪ್ಪ!

ಓಡಿಹೋದ್ರು ಅಂದ್ಕೊಂಡ್ರಾ? ಆ ತಾಯಿ ಸೆರಗು ಸರಿಮಾಡ್ಕೊಂಡ್ರು, ಅಷ್ಟೇ. ಆಮೇಲೆ ದಿನಾ ಮಧ್ಯಾಹ್ನದ ಬಸ್ಸಿಗೆ ಬರೋರು, ಎಡಗಡೆ ಕೂತು ಮನೆ ಮಾತು ಆಡೋರು. ಆ ಕಡೆಯಿಂದ ಉತ್ತರ ಇಲ್ಲ... ಭಾರ ಮಾತ್ರ ಇತ್ತು. ಅದೇ ಸಾಕಿತ್ತು ಅವರಿಗೆ.

ನಾನೇನು ಮಾಡ್ದೆ ಹೇಳ್ಲಾ? ಕಸುಬಿನ ಸೊಕ್ಕು! ಅಮ್ಮನಿಗೆ ಖುಷಿಯಾಗ್ಲಿ ಅಂತ, ಹರಿದಿದ್ದ ಆ ಸೀಟು ಕಿತ್ತು ಹೊಸ ಸ್ಪ್ರಿಂಗು, ಹೊಸ ಸ್ಪಂಜು, ಹೊಸ ರೆಕ್ಸಿನ್ ಹಾಕ್ದೆ. ಹಳೇದು ಕುಡುಮಲಕುಂಟೆ ಕಡೆ ಹೋಗೋ ಗುಜರಿ ಲಾರೀಲಿ ಹೋಯ್ತು, ಕುಲುಮೆಗೆ. ಮಾರನೇ ದಿನ ಅಮ್ಮ ಬಂದು ಕೂತ್ರು. ಒಂದು ಗಂಟೆ... ಎರಡು ಗಂಟೆ... ಹೊಸ ಸೀಟು ಉಬ್ಬಿಕೊಂಡೇ ಇತ್ತು. 'ಅವರು ಕೂತು ಕೂತು ತಗ್ಗಾಗಿದ್ದ ಜಾಗ ಅದು. ಈಗ ಎಲ್ಲಿ ಕೂತ್ಕೊಂತಾರೆ ಸಾಬ್ರೇ?' ಅಂದ್ರು. ಬೈದಿದ್ರೆ ತಡ್ಕೊಂತಿದ್ದೆ. ಬೈಲಿಲ್ಲ.

ಬರೋದು ಮಾತ್ರ ಬಿಡ್ಲಿಲ್ಲ. ನನಗೆ ನೋಡಕ್ಕಾಗ್ದೆ, ಸೀಟು ಪಳಗ್ಲಿ, ತಗ್ಗು ಬೀಳ್ಲಿ ಅಂತ ನಾನೇ ದಿನಾ ಅದರ ಮೇಲೆ ಕೂರಕ್ಕೆ ಶುರು ಮಾಡ್ದೆ. ಎಂಟು ತಿಂಗಳು! ಒಂದಿನ ಹೀಗೇ ಮಳೆ... ಅಮ್ಮ ಅಳ್ತಿದ್ರು. ನನ್ನ ಬಾಯಿಂದ ತೆಲುಗು ಬಂತು, 'ಪಿಚ್ಚುಕಾ, ವಚ್ಚಿನಾ' ಅಂತ. ಗುಬ್ಬಚ್ಚೀ, ಬಂದೆ ಅಂತ! ದನಿ ನಂದಲ್ಲ. ಅಮ್ಮ ತಿರುಗಿ ನನ್ನ ಮುಖ ನೋಡಿದ್ರಲ್ಲ, ಹದಿನೆಂಟು ವರ್ಷದ ಹುಡುಗಿ ಹಾಗೆ ನಗ್ತಾ... ಗುಬ್ಬಚ್ಚಿ ಅಂತ ಅವರನ್ನ ಕರೀತಿದ್ದೋರು ಲೋಕದಲ್ಲಿ ಒಬ್ರೇ, ಅದೂ ಮುಚ್ಚಿದ ಬಾಗಿಲ ಒಳಗೆ. ನನಗೆ ಯಾರು ಹೇಳಿದ್ರು?

ಅಮ್ಮ ತೀರ್ಕೊಂಡು ಎರಡು ವರ್ಷ. ಇಬ್ಬರೂ ಒಟ್ಟಿಗೆ ಹೋಗ್ತಾರೆ ಅಂದ್ಕೊಂಡಿದ್ದೆ..."

ಸಾಬರ ಕುತ್ತಿಗೆ ಮೆಲ್ಲಗೆ ಎಡಕ್ಕೆ ಹೊರಳಿತು. ಅಲ್ಲಿ ರೂಪ ಲೋಟ ಹಿಡಿದು ಕುಳಿತಿದ್ದಳು. ಅವಳನ್ನು ನೋಡುತ್ತಿದ್ದ ಆ ಕಣ್ಣುಗಳಲ್ಲಿ ನೀರಿತ್ತು.

"ರೂಪಮ್ಮ, ಎದ್ದು ಆ ಕಡೆ ಕೂತ್ಕೊ ತಾಯಿ. ನನ್ನ ಎಡಗಡೆ ಬೇಡ... ಅಮ್ಮನ ಯಜಮಾನ್ರು ನನ್ನ ಮೈಯಿಂದ ಇನ್ನೂ ಇಳಿದಿಲ್ಲ."