ಬಾಯ್ಲರ್ ಕಪಾಟಿನಲ್ಲಿ ಸಿಕ್ಕ ಒಣಮೀನಿನ ವಿಚಾರ

ಮಾನ್ಯ ಠಾಣಾಧಿಕಾರಿಗಳೇ, ಇದನ್ನು ಇಂಗ್ಲಿಷಿಗೆ ತಿರುಗಿಸಲಿರುವ ದುಭಾಷಿಗಳೇ, ಮುಂದೆ ಎಂದಾದರೂ ಇದನ್ನು ಆಲಿಸಲಿರುವ ಹನ್ನೆರಡು ಮಂದಿ ಜ್ಯೂರಿ ಮಹಾಶಯರೇ,

ಶರಣಪ್ಪ ತಂದೆ ವೀರಣ್ಣ ಕರಡಿ, ವಯಸ್ಸು 46, ಕನ್ನಡ ಮಾಧ್ಯಮದ ಬಿ.ಎ., ಹಡಗಿನಲ್ಲಿ ಬಂದ ಸರಕು ಕೆಟ್ಟರೆ ತಪ್ಪು ಯಾರದೆಂದು ವರದಿ ಬರೆಯುವ ಕೆಲಸ, ಮೂಲ ಊರು ಬಿಜಾಪುರ, ಹಾಲಿ ವಾಸ ಲಂಡನ್ನಿನ ಟೂಟಿಂಗ್, ಸ್ವಬುದ್ಧಿಯಿಂದ ಸ್ವಭಾಷೆಯಲ್ಲಿ ಬರೆದುಕೊಡುವುದೇನೆಂದರೆ (ನನ್ನ ಇಂಗ್ಲಿಷು ಸರಕಿಗೆ ಸಾಕು, ಮನೆಯ ಸಂಗತಿಗೆ ಸಾಲದು):

ನಮ್ಮ ಮನೆಯ ಮೇಲಿನ ಕೋಣೆಯಲ್ಲಿ ಎರಡು ವರ್ಷಗಳಿಂದ ಶ್ರೀಮತಿ ವೇದವತಿಯವರು ಬಾಡಿಗೆಗೆ ಇದ್ದಾರೆ. ಕುಂದಾಪುರದ ಕಡೆಯವರು, ವೃದ್ಧಾಶ್ರಮವೊಂದರಲ್ಲಿ ಕೆಲಸ. ಕೋಣೆ ಕೊಡುವಾಗ ನನ್ನ ಹೆಂಡತಿ ನಾಗವ್ವ ಹಾಕಿದ ಷರತ್ತು ಒಂದೇ: ಮನೆಯೊಳಗೆ ಮೀನು, ಮಾಂಸ ಬರಕೂಡದು. ಅವರು ಒಪ್ಪಿದರು. ಹೊರಗೆ ತಿಂದ ದಿನ ಬಾಯಿ ಮುಕ್ಕಳಿಸಿಯೇ ಒಳಗೆ ಬರುತ್ತಿದ್ದರು. ಆದರೂ ನಾಗವ್ವ ಮಹಡಿ ಹತ್ತಿದವಳಲ್ಲ.

ನವೆಂಬರ್ ಕೊನೆಯ ವಾರ ನಾನು ಕಚೇರಿ ಕೆಲಸದ ಮೇಲೆ ದಕ್ಷಿಣ ಕೊರಿಯಾದ ಪೊಹಾಂಗ್ ಎಂಬ ಕಡಲತಡಿಯ ಊರಿಗೆ ಹೋಗಿದ್ದೆ. ಇದನ್ನು ಹೇಳುವ ಉದ್ದೇಶ, ಒಣಮೀನಿನ ವಾಸನೆ ಗುರುತಿಸಲು ನನಗೆ ಬರುತ್ತದೆ ಎಂದು ತೋರಿಸುವುದಷ್ಟೇ. ಸಂಜೆ ಬಿಡುವಿತ್ತು. ಊರು ಹೊಸದು, ಹೊಟ್ಟೆ ಹಸಿದು, ಸಂತೆಗೆ ಹೋದೆ. (ಪ್ರಾಸ ನನ್ನ ಹಳೇ ಚಟ. ದುಭಾಷಿಗಳು ಬಿಟ್ಟರೆ ನಷ್ಟವಿಲ್ಲ.) ತಗಡಿನ ಮಾಡಿನ ಕೆಳಗೆ ಓಣಿ, ಓಣಿಯೊಳಗೆ ಇನ್ನೊಂದು ಓಣಿ. ರಬ್ಬರ್ ಬೂಟು ಹಾಕಿದ ಹೆಂಗಸರು ಏಡಿಗಳನ್ನು ಬದನೆಕಾಯಿಯಂತೆ ತಿರುವಿ ತಿರುವಿ ಆರಿಸುತ್ತಿದ್ದರು. ಒಂದು ಕಾವಲಿಯ ಮೇಲೆ ಬೆಲ್ಲದಂಥ ಹೂರಣ ತುಂಬಿದ ರೊಟ್ಟಿ ಬೇಯುತ್ತಿತ್ತು. ನಮ್ಮ ಹೋಳಿಗೆಯ ದಾಯಾದಿ ಎನ್ನಬಹುದು. ಎರಡು ತಿಂದೆ, ತುಟಿ ಸುಟ್ಟಿತು. ಪಕ್ಕದ ಅಂಗಡಿಯಲ್ಲಿ ಚಳಿಗಾಳಿಗೆ ಅರ್ಧ ಒಣಗಿಸಿದ ಮೀನು ಜೋಡಿಜೋಡಿಯಾಗಿ ತೂಗುತ್ತಿತ್ತು, ಎಣ್ಣೆ ತೊಟ್ಟಿಕ್ಕುತ್ತಿತ್ತು. ಅಂಗಡಿಯಾಕೆ ತೋಳು ಹಿಡಿದು ನನ್ನನ್ನು ಸ್ಟೂಲಿನ ಮೇಲೆ ಕೂರಿಸಿದರು. ನೋಡಿದೆ. ಅಷ್ಟೇ.

ಡಿಸೆಂಬರ್ ಎರಡನೇ ವಾರ ಚಳಿ ಹೆಚ್ಚಿ, ಹೀಟಿಂಗ್ ಹಾಕಿದೆವು. ಮಹಡಿಯಲ್ಲಿ, ವೇದವತಿಯವರ ಬಾಗಿಲ ಪಕ್ಕ, ಮನೆ ಬಿಸಿಮಾಡುವ ಬಾಯ್ಲರ್ ಇರುವ ಕಪಾಟಿದೆ. ಅಲ್ಲಿಂದ ವಾಸನೆ ಇಳಿಯತೊಡಗಿತು. ನಾಗವ್ವ ಮೊದಲು ಇಲಿ ಸತ್ತಿದೆ ಎಂದಳು, ಆಮೇಲೆ ಊದಿನಕಡ್ಡಿ ಹಚ್ಚಿದಳು, ಆಮೇಲೆ ನನ್ನ ಮುಖ ನೋಡಿದಳು. ನಾನು ಪೇಪರ್ ನೋಡಿದೆ.

ಇಂದು ಶನಿವಾರ ಬೆಳಿಗ್ಗೆ ಹತ್ತೂವರೆಗೆ ನಾಗವ್ವ ಮೊದಲ ಸಲ ಮಹಡಿ ಹತ್ತಿದಳು. ಬಾಯ್ಲರಿನ ಹಿಂದೆ ಪ್ಲಾಸ್ಟಿಕ್ ಚೀಲ, ಚೀಲದೊಳಗೆ ಒಣಮೀನು ಸಿಕ್ಕಿತು. ಲಿಂಗಪೂಜಿ ಆಗೂ ಮನಿ ಇದು, ಮೀನಿನ ಸುಡಗಾಡ ಮಾಡಿಟ್ಟೀಯಲ್ಲ ನಮ್ಮವ್ವಾ, ಎಂದು ವೇದವತಿಯವರ ಬಾಗಿಲು ಬಡಿದಳು. ಅದಕ್ಕೆ ಅವರು, ಹೌದ್ ಅಕ್ಕ, ನಾನ್ ಮೀನ್ ತಿಂತೆ, ಹೇಳ್ಕಂಡೇ ತಿಂತೆ, ಹುಗ್ಸಿಟ್ಕಂಡ್ ತಿಂಬು ಕರ್ಮ ನಂಗ್ ಎಂತಕ್ಕೆ, ಎಂದು ಉತ್ತರಿಸಿದರು. ಆಗ ನಾಗವ್ವ, ರೀ, ನೀವ ಹೇಳ್ರಿ, ಯಾರದಿದು, ಎಂದು ನನ್ನನ್ನು ಕೇಳಿದಳು. ಕರಾವಳಿ ಮಂದಿ ಬಿಟ್ರ ಈ ಮನ್ಯಾಗ ಮೀನ ಯಾರ ಮುಟ್ತಾರ, ಎಂದು ನಾನು ಹೇಳಿದೆ. ವೇದವತಿಯವರು ನನ್ನ ಕಡೆ ತಿರುಗಿ, ಅಣ್ಣಾ, ನೀವೂ ಹಾಂಗೇ ಹೇಳ್ತ್ರಿಯಾ, ಎಂದಷ್ಟೇ ಕೇಳಿದರು.

ಹನ್ನೊಂದು ಗಂಟೆಗೆ ಅವರ ಎರಡು ಸೂಟ್‌ಕೇಸು, ಅಕ್ಕಿ ಡಬ್ಬಿ, ದಿಂಬು ಫುಟ್‌ಪಾತಿನ ಮೇಲಿದ್ದವು. ದಿಂಬು ಇಟ್ಟವನು ನಾನು. ಮಳೆ ಹನಿಯುತ್ತಿತ್ತು. ಅವರು ಕೋಣೆ ಕೇಳಲು ಪರಿಚಯದ ಕನ್ನಡದವರಿಗೆಲ್ಲ ಫೋನ್ ಮಾಡಿದರು; ಅಷ್ಟರಲ್ಲಿ ನಾಗವ್ವ ಅವರಿಗೆಲ್ಲ ಫೋನ್ ಮಾಡಿ ಮುಗಿಸಿದ್ದಳು. ಯಾರೂ ಕೋಣೆ ಇದೆ ಎನ್ನಲಿಲ್ಲ. ಆಮೇಲೆ ಅವರು ಪೊಲೀಸರನ್ನು ಕರೆದರು.

ಆದ್ದರಿಂದ ಷರತ್ತು ಮುರಿದವರು ವೇದವತಿಯವರೇ ಹೊರತು ನಾವಲ್ಲ. ಮೇಲಿನ ಪ್ರತಿಯೊಂದು ಮಾತೂ ನಾನು ಕಣ್ಣಾರೆ ಕಂಡದ್ದು, ಸತ್ಯವಾದದ್ದು, ಯಾರ ಒತ್ತಾಯವೂ ಇಲ್ಲದೆ

ಇಲ್ಲ. ಮೀನು ನನ್ನದು. ಆ ಸ್ಟೂಲಿನ ಮೇಲೆ ಕೂತು ತಿಂದೆ, ಇನ್ನೂ ಬೇಕೆನಿಸಿ ಕೊಂಡು ತಂದೆ. ನಾಗವ್ವ ಹತ್ತದ ಜಾಗ ಎಂದು ಅಲ್ಲಿಟ್ಟೆ. ಸಿಕ್ಕಿಬಿದ್ದರೆ ಯಾರ ತಲೆಗೆ ಬರುತ್ತದೆ ಎಂಬುದು ಇಡುವಾಗಲೇ ನನಗೆ ಗೊತ್ತಿತ್ತು.

ಸ್ಥಳ: ಟೂಟಿಂಗ್, ಲಂಡನ್
ದಿನಾಂಕ: 13 ಡಿಸೆಂಬರ್ 2003
ಸಹಿ: ಶರಣಪ್ಪ ವೀ. ಕರಡಿ