ಕುಲ್ಲಂಬೀನ್‌ನಲ್ಲಿ ನಿಂತ ರೈಲು

ಬಾವಿಯ ಹತ್ತಿರ ಬಂದಾಗ ಟೀಗನ್‌ಳ ಫೋನು ಹೊಡೆದುಕೊಂಡಿತು.

ಟೀಗನ್ ನನ್ನ ದೊಡ್ಡಮ್ಮನ ಮಗಳು. ಪಬ್ಬಿನ ಅಡುಗೆಮನೆಯಲ್ಲಿ ತಟ್ಟೆ ತೊಳೆದು, ನೆಲ ಒರೆಸಿ, ಮನೆಗೆ ಹೊರಟಿದ್ದಳು. ನಮ್ಮ ಕುಲ್ಲಂಬೀನ್‌ನಲ್ಲಿ ಪಬ್ಬಿನಿಂದ ಅವಳ ಮನೆಗೆ ಹೋಗಬೇಕಾದರೆ ರೈಲು ನಿಲ್ದಾಣದ ಹಿಂದಿನ ಓಣಿಯೇ ದಾರಿ. ಅಲ್ಲೊಂದು ಬಾವಿ. ಉಗಿ ಎಂಜಿನ್ನಿಗೆ ನೀರು ಕುಡಿಸುತ್ತಿದ್ದ ಕಾಲದ್ದು. ಮೇಲೆ ಕಬ್ಬಿಣದ ಮುಚ್ಚಳ ಹಾಕಿದ್ದಾರೆ. ಪಕ್ಕದಲ್ಲಿ ಪೆಪ್ಪರ್ ಅನ್ನುವ ನೆರಳಿನ ಮರ, ರೆಂಬೆಯೆಲ್ಲ ನೆಲಕ್ಕೆ ಜೋತುಬಿದ್ದು, ತಲೆ ಕೆದರಿಕೊಂಡು ಕೂತ ಹೆಂಗಸಿನ ಹಾಗೆ. ಹಗಲಲ್ಲಿ ನನ್ನ ದೊಡ್ಡ ಮಗ ಅದರಡಿ ಆಡುತ್ತಾನೆ. ರಾತ್ರಿ ನಾನೇ ಆ ಕಡೆ ತಿರುಗುವುದಿಲ್ಲ.

ಫೋನು ಸಿಡ್ನಿಯಿಂದ. ಆಸ್ಪತ್ರೆಯ ನರ್ಸು.

"ನಿಮ್ಮಮ್ಮ ತುಂಬ ಸೋತಿದ್ದಾರೆ. ಬರೋದಾದ್ರೆ ಈಗಲೇ ಹೊರಡಿ. ಮಾತಾಡ್ತಾರಂತೆ, ಕೊಡ್ತೀನಿ."

ಉಸಿರಿನ ಸದ್ದು. ಕೊಳವೆಯೊಳಗೆ ಗಾಳಿ ಎಳೆದ ಹಾಗೆ… ಸೂ… ಸೂ… ಆಮೇಲೆ ನೊರೀನ್ ದೊಡ್ಡಮ್ಮನ ದನಿ.

"ಟೀಗೀ…"

"ಹೇಳಮ್ಮ."

"ಮನೆಗೆ ಕರ್ಕೊಂಡು ಹೋಗೇ. ನಾನು ಇಲ್ಲಿ ಸಾಯಲ್ಲ. ಇಲ್ಲಿ ಚಹಾನೂ ನೆಟ್ಟಗಿಲ್ಲ."

"ಬರ್ತಿದ್ದೀನಿ. ಇವತ್ತು ರೈಲಿದೆ."

"ನಿಲ್ಲುತ್ತಾ?"

"ನಿಲ್ಲಿಸ್ತೀನಿ."

ದೊಡ್ಡಮ್ಮ ನಕ್ಕಳಂತೆ. ನಮ್ಮೂರಲ್ಲಿ ಆಸ್ಪತ್ರೆ ಅಂತ ಒಂದು ಕಟ್ಟಡವಿದೆ, ಆದರೆ ಅಲ್ಲಿ ಮಂಚಗಳನ್ನು ಎತ್ತಿಹಾಕಿ ವರ್ಷಗಳಾದವು. ಹೆರುವವರು, ಸಾಯುವವರು ಎಲ್ಲರೂ ಸಿಡ್ನಿಗೇ ಹೋಗಬೇಕು. ನನ್ನ ಎರಡನೆಯದು ದಾರಿಯಲ್ಲೇ ಹುಟ್ಟಿತು. ಅದು ಬೇರೆ ಕತೆ.

ನಿಲ್ಲುತ್ತಾ ಅಂತ ದೊಡ್ಡಮ್ಮ ಕೇಳಿದ್ದರಲ್ಲಿ ಅರ್ಥವಿದೆ. ರೈಲು ಬರುವುದೇ ವಾರಕ್ಕೆರಡು ಸಲ, ಅದೂ ನಡುರಾತ್ರಿ. ಅದು ನಮ್ಮೂರಲ್ಲಿ ತಾನಾಗಿ ನಿಲ್ಲುವುದಿಲ್ಲ. ಹತ್ತುವವರು ಪ್ಲಾಟ್‌ಫಾರಂ ಮೇಲೆ ನಿಂತು ಬೆಳಕು ಎತ್ತಿ ಹಿಡಿಯಬೇಕು. ಚಾಲಕ ನೋಡಿದರೆ ನಿಲ್ಲಿಸುತ್ತಾನೆ. ಇಳಿಯುವವರು ಗಾರ್ಡಿಗೆ ಮೊದಲೇ ಹೇಳಿ, ಮುಂದಿನ ಬೋಗಿಗೆ ಬಂದು ಕಾಯಬೇಕು. ಯಾಕೆಂದರೆ ಪ್ಲಾಟ್‌ಫಾರಂನ ಅಂಚು ಕುಸಿದಿದೆ ಅಂತ ಮುಕ್ಕಾಲು ಭಾಗಕ್ಕೆ ಕಿತ್ತಳೆ ಬಣ್ಣದ ಬಲೆ ಕಟ್ಟಿದ್ದಾರೆ. ಉಳಿದಿರುವುದು ಒಂದು ಬಾಗಿಲಿನಷ್ಟು ಜಾಗ. ಒಂದೇ ಬಾಗಿಲು ತೆಗೆಯುತ್ತಾರೆ.

ಟೀಗನ್ ಮನೆಗೂ ಹೋಗಲಿಲ್ಲ. ಬಾವಿಯ ಹತ್ತಿರದಿಂದಲೇ ನಿಲ್ದಾಣದ ಕಡೆ ತಿರುಗಿ, ನನಗೆ ಫೋನು ಮಾಡಿದಳು.

"ಎದ್ದಿದ್ದೀಯಾ?"

"ಮಗೂಗೆ ಹಲ್ಲು ಬರ್ತಿದೆ. ಬೀದಿನೇ ಎದ್ದಿರಬೇಕು. ಏನು ಹೇಳು."

"ಅಮ್ಮ ಉಳಿಯಲ್ಲ ಕಣೇ. ರೈಲಿಗೆ ಹೋಗ್ತಿದ್ದೀನಿ. ಬೆಳಿಗ್ಗೆ ನಾಯಿಗೆ ಏನಾದ್ರೂ ಹಾಕು."

"ಬಟ್ಟೆ ಗಿಟ್ಟೆ?"

"ಪಬ್ಬಿನ ಏಪ್ರನ್ ಇದೆ ಮೈಮೇಲೆ."

"ಮಹಾರಾಣಿ ಹಾಗೆ ಹೋಗು. ಫೋನಲ್ಲಿ ಬ್ಯಾಟರಿ ಇದ್ಯಾ?"

"ತಳದಲ್ಲಿದೆ. ಇಡ್ತೀನಿ. ಬೆಳಕು ತೋರ್ಸೋಕೆ ಬೇಕು."

ಕಾರಿರಲಿಲ್ಲವಾ ಅಂತ ಕೇಳುತ್ತೀರಿ, ಗೊತ್ತು. ಅವಳ ಕಾರಿನ ಎಂಜಿನ್ ಬೇಸಿಗೆಯಲ್ಲೇ ಬಾಯಿಬಿಟ್ಟಿತ್ತು. ನಮ್ಮದನ್ನು ನನ್ನ ಗಂಡ ಜರೋಡ್ ಗೋಧಿ ಬಿತ್ತನೆಗೆ ತೆಗೆದುಕೊಂಡು ಹೋಗಿದ್ದ. ಈ ಸೀಮೆಯಲ್ಲಿ ಕಾರಿಲ್ಲದವರು ಕಾಲಿಲ್ಲದವರ ಹಾಗೇ.

ನಮ್ಮಿಬ್ಬರಿಗೂ ಗೊತ್ತಿಲ್ಲದ ಒಂದು ಸಂಗತಿ ಇತ್ತು. ಆ ವಾರ ರೈಲೇ ಇರಲಿಲ್ಲ. ಹಳಿ ರಿಪೇರಿ. ರೈಲಿನ ಬದಲು ಬಸ್ಸು ಬಿಟ್ಟಿದ್ದರು. ನಿಲ್ದಾಣದ ಓಣಿಯಲ್ಲಿ ಬಸ್ಸು ತಿರುಗುವುದಿಲ್ಲವೆಂದು ಅದು ಊರಾಚೆ ಹೆದ್ದಾರಿಯ ಪೆಟ್ರೋಲ್ ಬಂಕಿನ ಹತ್ತಿರ ನಿಲ್ಲುತ್ತಿತ್ತು. ಈ ವಿಷಯವನ್ನು ಕಾಗದದಲ್ಲಿ ಬರೆದು ನಿಲ್ದಾಣದ ಮುಂಬಾಗಿಲಿಗೆ ಅಂಟಿಸಿದ್ದರು. ಆ ಬಾಗಿಲಿಗೆ ಹಲಗೆ ಹೊಡೆದು ಎಷ್ಟು ಕಾಲವಾಯಿತೋ. ನಾವೆಲ್ಲ ಒಳಗೆ ಹೋಗುವುದು ಹಿಂದಿನ ಬೇಲಿಯ ತೂತಿನಿಂದ. ಗಲಾ ಗಿಳಿಗಳಿಗೆ ಓದಲೆಂದು ಅಂಟಿಸಿದ್ದರೇನೋ. ಸಿಡ್ನಿಯಲ್ಲಿ ಚಾಲಕನಿಲ್ಲದ ರೈಲು ಓಡಿಸುತ್ತಾರಂತೆ. ನಮ್ಮ ಕಡೆಗೆ ರೈಲಿಲ್ಲದ ಚಾಲಕರನ್ನು ಕಳಿಸುತ್ತಾರೆ.

ಆ ಬಸ್ಸು ಬಂತು. ನಿಂತಿತು. ಹೋಯಿತು. ಟೀಗನ್ ಕತ್ತಲ ಪ್ಲಾಟ್‌ಫಾರಂನ ಬೆಂಚಿನ ಮೇಲೆ ಕೂತಿದ್ದಳು.

ಚಳಿಗೆ ಹಳಿ ಸದ್ದು ಮಾಡುತ್ತಿತ್ತು. ಟಿಕ್… ಟಿಕ್… ಅಷ್ಟೇ. ನಾಯಿ ಇಲ್ಲ, ಲಾರಿ ಇಲ್ಲ. ಬಹಳ ಹೊತ್ತು.

ಆಮೇಲೆ ಹಳಿಯೊಳಗಿಂದ ಒಂದು ಝೇಂಕಾರ. ಸಣ್ಣಗೆ… ಜೇನು ಹುಳು ಡಬ್ಬಿಯಲ್ಲಿ ಸಿಕ್ಕಿಕೊಂಡ ಹಾಗೆ.

ಅವಳು ಎದ್ದು ನಿಂತಳು. ದೂರದಲ್ಲಿ ಬೆಳಕು ಕಾಣಿಸಿತು… ಆದರೆ ಮೂಡಣ ದಿಕ್ಕಿನಲ್ಲಿ. ಸಿಡ್ನಿ ಇರುವುದು ಆ ಕಡೆ. ಅವಳ ರೈಲು ಪಡುವಣದಿಂದ ಬಂದು ಆ ಕಡೆಗೆ ಹೋಗಬೇಕಿತ್ತು.

ಇವರ ರೈಲು ಹಿಂದುಮುಂದಾಗಿ ಬಂದರೂ ಆಶ್ಚರ್ಯವಿಲ್ಲ ಅಂದುಕೊಂಡಳಂತೆ. ನಿಲ್ಲಿಸಿ ಕೇಳೋಣ, ನಮ್ಮದು ಎಲ್ಲಿದೆ ಅಂತಾದರೂ ಹೇಳುತ್ತಾರೆ. ಫೋನಿನ ಬೆಳಕು ಹಚ್ಚಿ ಕೈ ಎತ್ತಿ ಹಿಡಿದಳು.

ರಸ್ತೆ ಹಳಿ ದಾಟುವ ಗೇಟಿನ ಹತ್ತಿರ ಎಲ್ಲ ರೈಲೂ ಕೂಗಲೇಬೇಕು. ಇದು ಕೂಗಲಿಲ್ಲ. ಗೇಟಿನ ಗಂಟೆಯೂ ಹೊಡೆಯಲಿಲ್ಲ. ಬ್ರೇಕ್ ಮಾತ್ರ ಕಿರುಗುಟ್ಟಿತು. ಕ್ರೀ…ಚ್. ಆಮೇಲೆ ಉಸಿರು ಬಿಟ್ಟ ಸದ್ದು. ಸ್ಸ್ಸ್… ನಿಂತಿತು.

ಮುಂದಿನ ಬೋಗಿಯ ಬಾಗಿಲು ತೆರೆಯಿತು. ಗಾರ್ಡ್ ನಿಂತಿದ್ದ. ಅವನ ಮುಖ ಹೇಗಿತ್ತು ಅಂತ ಎಷ್ಟು ಸಲ ಕೇಳಿದ್ದೇನೆ. ಅವಳಿಗೆ ನೆನಪಿಲ್ಲ. ದಣಿದಿದ್ದ, ಅಷ್ಟೇ ಅನ್ನುತ್ತಾಳೆ.

"ಸಿಡ್ನಿಗೆ ಹೋಗುತ್ತಾ?" ಇವಳ ದನಿ ತಾನಾಗಿಯೇ ಪಿಸುಗುಟ್ಟಿತು.

"ಇಲ್ಲ. ಅಲ್ಲಿಂದ ಬರ್ತಿದೆ." ಅವನೂ ಪಿಸುಗುಟ್ಟಿದ. ಮಲಗಿದವರನ್ನು ಎಬ್ಬಿಸಬಾರದು ಅನ್ನುವ ಹಾಗೆ. "ಹತ್ತೋ ಹಾಗಿಲ್ಲ. ಇಳಿಯೋರಿಗೆ ಮಾತ್ರ."

"ಯಾರು ಇಳೀತಾರೆ ಇಲ್ಲಿ?"

"ಒಬ್ಬರು ಹೇಳಿದ್ರು, ಕುಲ್ಲಂಬೀನ್ ಅಂತ. ಮುಂದಿನ ಬೋಗಿಗೆ ಬನ್ನಿ ಅಂದ್ವಿ. ಅಷ್ಟು ದೂರ ನಡೆಯೋಕಾಗಲ್ಲ ಅಂದ್ರು."

"ಯಾರದು?"

ಅವನು ಹೆಸರು ಹೇಳಲಿಲ್ಲ. "ಕೊನೇ ಬೋಗಿಲಿದ್ದಾರೆ," ಅಂದ.

ಟೀಗನ್ ಓಡಿದಳು. ಯಾಕೆ ಓಡಿದೆ ಅಂತ ಅವಳಿಗೂ ಗೊತ್ತಿಲ್ಲ. ಬಲೆ ಹರಿದುಕೊಂಡು, ಪ್ಲಾಟ್‌ಫಾರಂ ಮುಗಿದ ಕಡೆ ಇಳಿಜಾರಿನಲ್ಲಿ ಜಾರಿ, ಜಲ್ಲಿಕಲ್ಲಿನ ಮೇಲೆ. ಕರ ಕರ ಕರ. ಕೆಳಗಿನಿಂದ ಕಿಟಕಿಗಳು ತಲೆಗಿಂತ ಮೇಲಿದ್ದವು. ಒಳಗೆ ಮಬ್ಬು ದೀಪ. ಬೋಗಿ ತುಂಬ ಜನ… ಹೆಚ್ಚಿನವರು ಮುದುಕರು. ತೊಡೆಯ ಮೇಲೆ ಚೀಲ ಇಟ್ಟುಕೊಂಡು ಕೂತಿದ್ದರು. ಎಲ್ಲರ ಮಣಿಕಟ್ಟಿನಲ್ಲೂ ಆಸ್ಪತ್ರೆಯ ಬಿಳಿ ಪಟ್ಟಿ. ಇವಳ ಕೈಯ ಬೆಳಕು ಯಾವ ಕಿಟಕಿಯ ಮೇಲೆ ಬಿತ್ತೋ ಆ ಕಿಟಕಿಯವರು ಎದ್ದು ನಿಲ್ಲುತ್ತಿದ್ದರು. ತಮ್ಮ ಊರು ಬಂತು ಅಂದುಕೊಂಡು. ಬೆಳಕು ಮುಂದೆ ಹೋದ ಮೇಲೆ ಮತ್ತೆ ಕೂರುತ್ತಿದ್ದರು.

ಕೊನೆಯ ಬೋಗಿ. ಕೊನೆಯ ಕಿಟಕಿ.

ದೊಡ್ಡಮ್ಮ.

ಆಸ್ಪತ್ರೆಯ ನಿಲುವಂಗಿ, ಅದರ ಮೇಲೆ ತನ್ನದೇ ನೀಲಿ ಸ್ವೆಟರು. ಗಾಜಿಗೆ ಗೆಣ್ಣು ಬಡಿಯುತ್ತಿದ್ದಳು. ಡಕ್… ಡಕ್… ಡಕ್. ಅವಸರವಿಲ್ಲ. ಮುಖದಲ್ಲಿ ಭಯವೂ ಇರಲಿಲ್ಲವಂತೆ. ಇನ್ನೇನು ಬಾಗಿಲು ತೆಗೆಯುತ್ತಾರೆ ಅಂತ ಕಾಯುವವರ ಮುಖವಿರುತ್ತದಲ್ಲ, ಆ ಮುಖ.

ಬಾಗಿಲಿನ ಪಕ್ಕದ ಗುಂಡಿಯನ್ನು ಟೀಗನ್ ಒತ್ತಿದಳು. ಒತ್ತಿದಳು, ಒತ್ತಿದಳು. ದೀಪ ಹತ್ತಲಿಲ್ಲ. ಬಾಗಿಲ ಸಂದಿಗೆ ಉಗುರು ಹಾಕಿ ಎಳೆದಳು. ಗಾರ್ಡ್ ತಲೆ ಹೊರಗೆ ಹಾಕಿ ನೋಡುತ್ತಿದ್ದ.

"ಇದನ್ನ ತೆಗೀರಿ," ಅಂದಳು.

"ಪ್ಲಾಟ್‌ಫಾರಂ ಇಲ್ಲದ ಕಡೆ ತೆಗೆಯೋ ಹಾಗಿಲ್ಲಮ್ಮ."

ಅಷ್ಟು ದೂರದಿಂದ ಪಿಸುಮಾತು. ಆದರೆ ಕಿವಿಯ ಹತ್ತಿರವೇ ಹೇಳಿದ ಹಾಗೆ ಕೇಳಿಸಿತು.

"ಹಾಗಾದ್ರೆ ಮುಂದೆ ಎಲ್ಲಿ ಇಳಿಸ್ತೀರ ಅವಳನ್ನ?"

ಅವನು ಕೈಯಲ್ಲಿದ್ದ ಸೀಟಿ ಎತ್ತಿದ.

"ಮುಂದೆ ನಿಲ್ದಾಣ ಇಲ್ಲ. ಎಲ್ಲಾ ಮುಚ್ಚಿದ್ದಾರೆ."

ಸೀಟಿ. ಒಂದೇ ಒಂದು, ಚಿಕ್ಕದು. ಚಕ್ರ ಉರುಳಿತು. ಟೀಗನ್ ಪಕ್ಕದಲ್ಲೇ ಓಡಿದಳು, ಬಿದ್ದಳು, ಎದ್ದಳು. ಗಾಜಿನ ಮೇಲೆ ಡಕ್… ಡಕ್… ದೂರವಾಗುತ್ತಾ ಹೋಯಿತು. ರೈಲು ಪಡುವಣಕ್ಕೆ ಹೋಯಿತು. ಆ ಕಡೆ ಬರೀ ಕೆಂಪು ಮಣ್ಣು, ಉಪ್ಪಿನ ಕೆರೆ, ಹಳೇ ಗಣಿ.

ಫೋನಿನ ಬೆಳಕು ಇನ್ನೂ ಉರಿಯುತ್ತಿತ್ತು. ಅದು ಕೈಯಲ್ಲೇ ನಡುಗಿತು. ನರ್ಸು.

"ಈಗ ತಾನೇ ಹೋದರು. ನಿದ್ದೆಯಲ್ಲೇ… ನೆಮ್ಮದಿಯಾಗಿ."

ಟೀಗನ್ ನಮ್ಮ ಮನೆಗೆ ಬಂದಾಗ ನಾನು ಮಗುವನ್ನು ಹೆಗಲಿಗೆ ಹಾಕಿಕೊಂಡು ಓಡಾಡುತ್ತಿದ್ದೆ. ಬಾಗಿಲು ಬಡಿಯಲಿಲ್ಲ ಅವಳು. ಹೊರಗೆ ನಿಂತು ನನ್ನ ಹೆಸರು ಕರೆದಳು. ಮೊಣಕಾಲಿನಿಂದ ರಕ್ತ, ಉಗುರಿನಿಂದ ರಕ್ತ. ಒಳಗೆ ಕೂರಿಸಿದೆ. ಇಷ್ಟನ್ನೂ ಹೇಳಿದಳು. ಅಳಲಿಲ್ಲ. ಒಂದೇ ಮಾತು ಮತ್ತೆ ಮತ್ತೆ, "ಅಮ್ಮ ಇಳಿಲಿಲ್ಲ ಕಣೇ. ಇಳಿಲಿಲ್ಲ."

ಬೆಳಿಗ್ಗೆ ಜರೋಡ್ ಬಂದ. ಮೂವರೂ ಮಕ್ಕಳ ಜೊತೆ ಸಿಡ್ನಿಗೆ ಹೊರಟೆವು. ಊರು ದಾಟಿದ ಮೇಲೆ ರಸ್ತೆ ಹಳಿಯನ್ನು ಅಡ್ಡಹಾಯುತ್ತದೆ. ಅಲ್ಲಿ ಹಳಿಯೇ ಇರಲಿಲ್ಲ. ಕಿತ್ತು ರಸ್ತೆ ಪಕ್ಕ ಪೇರಿಸಿದ್ದರು. ಕೆಲಸದವರು ಲೋಟ ಹಿಡಿದು ಕೂತಿದ್ದರು. ನಾನು ಇಳಿದು ಹೋಗಿ ಕೇಳಿದೆ.

"ರಾತ್ರಿ ಸಿಡ್ನಿ ಕಡೆಯಿಂದ ರೈಲು ಹೋಯ್ತಾ?"

"ಯಾವುದರ ಮೇಲಮ್ಮ?" ಅಂದ ಒಬ್ಬ. ಉಳಿದವರು ನಕ್ಕರು.

ಆಸ್ಪತ್ರೆಯಲ್ಲಿ ದೊಡ್ಡಮ್ಮನ ಬಲಗೈ ಗೆಣ್ಣು ಸುಲಿದಿತ್ತು. ಮಂಚದ ಕಂಬಿಗೆ ತಾಗಿರಬೇಕು ಅಂತ ನರ್ಸು ಅಂದಳು. ಇರಬಹುದು. ನಾನು ಅದರ ಮೇಲೆ ಜಗಳ ಆಡುವುದಿಲ್ಲ.

ದೇಹವನ್ನು ಕುಲ್ಲಂಬೀನ್‌ಗೆ ತಂದೆವು, ಮಣ್ಣು ಮಾಡಿದೆವು, ಸ್ಯಾಂಡ್‌ವಿಚ್ ತಿಂದೆವು. ಊರಿನವರು, ಅಂತೂ ನೊರೀನ್ ಮನೆಗೆ ಬಂದಳಲ್ಲ, ಅಂದರು. ಟೀಗನ್ ಅವರ ಮುಖ ನೋಡಲಿಲ್ಲ.

ಹಳಿ ರಿಪೇರಿ ಮುಗಿದು ರೈಲು ಮತ್ತೆ ಶುರುವಾಯಿತು. ಆದರೆ ನಮ್ಮ ನಿಲ್ದಾಣವನ್ನೇ ಮುಚ್ಚಿದರು. ಈಗ ಬೆಳಕು ಎತ್ತಿದರೂ ನಿಲ್ಲುವುದಿಲ್ಲ. ಆದರೂ ರೈಲಿನ ರಾತ್ರಿ ಬಂದರೆ ಟೀಗನ್ ಹೋಗುತ್ತಾಳೆ. ಪ್ಲಾಟ್‌ಫಾರಂಗೆ ಅಲ್ಲ. ಅದರಾಚೆ, ಕೊನೆಯ ಬೋಗಿ ನಿಂತಿದ್ದ ಕಡೆ, ಜಲ್ಲಿಯ ಮೇಲೆ. ಪಬ್ಬಿನಿಂದ ಹಾಲಿನ ಕ್ರೇಟೊಂದನ್ನು ತಂದು ಅಲ್ಲಿ ಬೋರಲು ಹಾಕಿಟ್ಟಳು.

"ಇದ್ಯಾಕೆ?" ಅಂದೆ.

"ನೆಲ ತಗ್ಗು. ಅಷ್ಟೆತ್ತರದಿಂದ ಅಮ್ಮ ಇಳಿಯೋಕಾಗಲ್ಲ."

"ತಲೆ ಕೆಟ್ಟಿದೆ ನಿಂಗೆ. ಪಕ್ಕದಲ್ಲಿ ರೈಲು ಬಡ್ಕೊಂಡು ಹೋದ್ರೆ ನಿನ್ನನ್ನೂ ಅದೇ ಬೋಗಿಲಿ ಕೂರಿಸ್ತಾರೆ."

"ಬಾಗಿಲು ತೆಗೆದ್ರೆ?"



ಈ ಚಳಿಗಾಲದಲ್ಲಿ ಅವಳಿಗೆ ಜ್ವರ ಹಿಡಿಯಿತು. ಹಾಸಿಗೆಯಿಂದ ತಲೆ ಎತ್ತಲಾಗದಂಥ ಜ್ವರ. ರೈಲಿನ ರಾತ್ರಿ ಅವಳ ಪಕ್ಕದಲ್ಲೇ ಕೂತಿದ್ದೆ. ಹೋಗುತ್ತೇನೆ ಅಂದಳು, ಬೈದು ಮಲಗಿಸಿದೆ. ರೈಲು ಗೇಟಿನಲ್ಲಿ ಕೂಗಿಕೊಂಡು ಹೋದದ್ದು ಇಬ್ಬರಿಗೂ ಕೇಳಿಸಿತು. ಅವಳು ಗೋಡೆ ಕಡೆ ತಿರುಗಿ ಮಲಗಿದಳು. ನಾನು ಅವಳ ಮನೆಯ ಹಿಂಬಾಗಿಲಿನಿಂದಲೇ ಹೊರಬಿದ್ದು ನಮ್ಮ ಮನೆಗೆ ಬಂದೆ. ದೊಡ್ಡಮ್ಮ ಯಾವಾಗಲೂ ಓಡಾಡುತ್ತಿದ್ದ ಆ ಬಾಗಿಲು ನೆಲದಿಂದ ಎತ್ತರ. ಮೊದಲ ಮೆಟ್ಟಿಲು ಮುರಿದು ಎಷ್ಟೋ ಕಾಲವಾಗಿದೆ. ಕತ್ತಲಲ್ಲಿ ಹಾರಿಯೇ ಇಳಿದೆ, ಕಾಲು ಉಳುಕಿತು. ಅದಕ್ಕೇ ನನಗೆ ಚೆನ್ನಾಗಿ ನೆನಪಿದೆ, ಕೆಳಗೆ ಏನೂ ಇರಲಿಲ್ಲ.

ಬೆಳಿಗ್ಗೆ ಕುಂಬಳಕಾಯಿ ಸೂಪು ತೆಗೆದುಕೊಂಡು ಕುಂಟುತ್ತಾ ಹೋದೆ.

ಹಿಂಬಾಗಿಲಿನ ಕೆಳಗೆ, ಮುರಿದ ಮೆಟ್ಟಿಲಿನ ಜಾಗದಲ್ಲಿ, ಹಾಲಿನ ಕ್ರೇಟು. ಬೋರಲು ಹಾಕಿತ್ತು. ಅಂಚಿನಲ್ಲಿ ಜಲ್ಲಿಯ ಪುಡಿ ಇನ್ನೂ ಹಾಗೇ ಅಂಟಿಕೊಂಡಿತ್ತು.

"ಇದನ್ನ ಯಾವಾಗ ತಂದೆ?" ಅಂತ ಬಾಗಿಲಿನಿಂದಲೇ ಕೂಗಿ ಕೇಳಿದೆ.

"ಯಾವುದನ್ನ?" ಅಂದಳು ಟೀಗನ್, ಹಾಸಿಗೆಯಿಂದ.

ಜರೋಡ್‌ನನ್ನು ಕೇಳಿದೆ. ಪಬ್ಬಿನವನನ್ನು ಕೇಳಿದೆ. ಅಕ್ಕಪಕ್ಕದವರನ್ನೆಲ್ಲ ಕೇಳಿದೆ. ಯಾರೂ ಅಲ್ಲ. ನೀವು ನಂಬಿ, ಬಿಡಿ. ಕ್ರೇಟು ಇವತ್ತಿಗೂ ಅಲ್ಲೇ ಇದೆ. ನಾನಂತೂ ಅದರ ಮೇಲೆ ಕಾಲಿಡುವುದಿಲ್ಲ, ಮುಂದಿನ ಬಾಗಿಲಿನಿಂದ ಹೋಗುತ್ತೇನೆ.