ಕಾಯೋಕೆ ಬಂದ ದಂಡು

ಕೇಳ್ರಪ್ಪ, ಹತ್ರ ಕೂತ್ಕೊಂಡು ಕೇಳಿ. ಹೊಳೆ ಈಚೆ ಒಂದು ನಾಡು, ಹೊಳೆ ಆಚೆ ಒಂದು ನಾಡು. ಹೆಸರು ಕೇಳ್ಬೇಡಿ, ಹೇಳಿದ್ರೆ ಜಗಳ. ಆಚೆ ರಾಜ ಯುದ್ಧಕ್ಕೆ ಅಂತ ಬಂದು ಹೊಳೆ ಆಚೆ ದಂಡೇಲಿ ಡೇರೆ ಹಾಕ್ದ. ಈಚೆ ರಾಜನಿಗೆ ನಡುಕ ಹತ್ತಿತು. ಏನ್ಮಾಡ್ದ? ಬೆಟ್ಟದ ಸೀಮೆ ರಾಜನಿಗೆ ಹೇಳಿಕಳಿಸಿ, ಅವನ ದಂಡನ್ನ ಊರು ಕಾಯೋಕೆ ಕರೆಸ್ಕೊಂಡ. ದಂಡು ಬಂತು. ಕುದುರೆ ಬಂತು, ಕಹಳೆ ಬಂತು, ಎಲ್ಲಕ್ಕಿಂತ ಮುಂದೆ ಹಸಿವು ಬಂತು.

ಆ ಊರಲ್ಲಿ ದ್ಯಾವಮ್ಮ ಅಂತ ಒಬ್ಬಳು ಮುದುಕಿ. ಗಂಡ ಇಲ್ಲ, ಮಕ್ಕಳಿಲ್ಲ. ಒಂದಿಷ್ಟು ಕೋಳಿ, ಒಂದು ಮೇಕೆ, ಗುಡಾಣದಲ್ಲಿ ಬಿತ್ತನೆ ರಾಗಿ. ಅಷ್ಟೇ ಅವಳ ಬದುಕು.

ಮೊದ್ಲು ದಂಡಿನ ದಳವಾಯಿ ಬಂದು ಕೋಳಿ ಹಿಡಿಸ್ದ. ಯಾಕಪ್ಪ ಅಂದ್ಲು ದ್ಯಾವಮ್ಮ. "ಅಜ್ಜಿ, ಶತ್ರು ಬಂದಿದ್ರೆ ಕೋಳಿ ಬಿಡ್ತಿದ್ನಾ?" ಅಂದ. ಅದೂ ನಿಜವೇ ಅಂತ ಸುಮ್ಮನಾದ್ಲು. ಆಮೇಲೆ ಮೇಕೆ ಹಗ್ಗ ಬಿಚ್ಚಿದ. "ಶತ್ರು ಬಂದಿದ್ರೆ ಮೇಕೆ ಬಿಡ್ತಿದ್ನಾ?" ಅಂದ. ಕಣ್ಣೊರೆಸ್ಕೊಂಡು ಸುಮ್ಮನಾದ್ಲು. ಮೂರನೇ ಸಲ, ಕುದುರೆಗೆ ಬೇಕು ಅಂತ ರಾಗಿ ಗುಡಾಣಾನೇ ಹೊರಿಸ್ಕೊಂಡು ಹೊರಟ. ಈ ಸಲ ದ್ಯಾವಮ್ಮ ಸುಮ್ಮನಾಗ್ಲಿಲ್ಲ. ಬಿತ್ತೋ ರಾಗಿ ಹೋದ್ರೆ ಬರೋ ವರ್ಷಾನೇ ಹೋದಂಗಲ್ವಾ? ರಾಜನ ಹತ್ರ ಓಡಿದ್ಲು. ರಾಜ, ನೆಂಟರ ಮನಸ್ಸು ನೋಯಿಸ್ಬೇಡ ಅಂತ ಹೇಳಿ ಕಳಿಸ್ದ. ಬೇಲಿಯೇ ಎದ್ದು ಹೊಲ ಮೇಯ್ದ್ರೆ ಯಾರಿಗೆ ಹೇಳೋಣ, ಹೇಳಿ?

ದ್ಯಾವಮ್ಮ ಸೀರೆ ಎತ್ತಿ ಕಟ್ಟಿದ್ಲು, ಹೊಳೆ ದಾಟಿದ್ಲು, ಶತ್ರು ರಾಜನ ಡೇರೆ ಮುಂದೆ ಹೋಗಿ ಕೂತ್ಲು. ಬರೋದಾದ್ರೆ ಇವತ್ತೇ ಬಂದು ದೋಚ್ಕೊಂಡು ಹೋಗಪ್ಪ, ಇವರ ಕೈಲಿ ಕಾಯಿಸ್ಕೊಂಡು ಸಾಕಾಯ್ತು ಅಂದ್ಲು. ಊರಲ್ಲಿ ಏನೇನಿದೆ ಅಂತ ಅವನು ಕೇಳ್ದ. ಕೋಳಿ ಇಲ್ಲ, ಮೇಕೆ ಇಲ್ಲ, ಕಾಳಿಲ್ಲ ಅಂದ್ಲು. ಅವನು ಹೊಟ್ಟೆ ಹಿಡ್ಕೊಂಡು ನಕ್ಕ.

"ತಾಯಿ, ನನ್ನ ಕೆಲಸಾನ ನಿಮ್ಮ ಕಾವಲಿನೋರೇ ಮುಗಿಸವ್ರೆ. ಖಾಲಿ ಗುಡಾಣಕ್ಕೆ ನಾನ್ಯಾಕೆ ರಕ್ತ ಸುರಿಸ್ಲಿ?" ಅಂದೋನೇ ಡೇರೆ ಕೀಳಿಸ್ದ.

ದ್ಯಾವಮ್ಮ ವಾಪಸ್ ಬಂದು ದಳವಾಯಿಗೆ ಸುದ್ದಿ ಹೇಳಿದ್ಲು. ಅವನು ಮೀಸೆ ತಿರುವ್ದ, ನಮಗೆ ಹೆದರಿ ಓಡ್ದ ಅಂತ ಕಹಳೆ ಊದಿಸ್ದ. ಹಂಗಾದ್ರೆ ನೀವೂ ಹೊರಡ್ತೀರಾ ಅಂತ ಕೇಳಿದ್ಲು. ಎಲ್ಲಾದ್ರೂ ಉಂಟಾ? ಅವನು ತಿರುಗಿ ಬಂದ್ರೆ ಏನ್ಗತಿ, ಇಲ್ಲೇ ಇರ್ತೀವಿ ಅಂದ.

ಆಗ ದ್ಯಾವಮ್ಮ ಮೆಲ್ಲಗೆ ಅಂದ್ಲು: "ಇರ್ರಪ್ಪ. ಆದ್ರೆ ಅವನು ಬೆಟ್ಟದ ಸೀಮೆಗೆ ದಾರಿ ಕೇಳ್ದ. ಅಲ್ಲಿ ಕಾವಲಿಗೆ ಯಾರವ್ರೆ ಅಂದ. ಎಲ್ಲಾ ನಮ್ಮೂರಲ್ಲೇ ಉಣ್ತಾವ್ರೆ ಅಂದೆ."

ಶತ್ರು ರಾಜ ನಿಜವಾಗ್ಲೂ ದಾರಿ ಕೇಳಿದ್ನೋ ಇಲ್ವೋ, ನಾನೇನು ಡೇರೆ ಒಳಗಿದ್ನಾ? ದಳವಾಯಿ ಮುಖ ಮಾತ್ರ ಬೂದಿ ಆಯ್ತು. ಅವನ ಮನೇಲೂ ಕೋಳಿ ಇತ್ತು, ಮೇಕೆ ಇತ್ತು, ಹೆಂಡ್ತಿ ಮಕ್ಕಳಿದ್ರು. ಒಲೆ ಮೇಲೆ ಕುದಿಯೋ ಸಾರನ್ನೂ ಬಿಟ್ಟು ದಂಡು ಬೆಟ್ಟದ ಕಡೆ ಓಡ್ತು.

ರಾಜ ಬರಿಗಾಲಲ್ಲಿ ಓಡಿಬಂದ. ಇನ್ನು ನಮ್ಮನ್ನ ಕಾಯೋರ್ಯಾರು ಅಂತ ಅಳೋಕೆ ಶುರು ಮಾಡ್ದ. ದ್ಯಾವಮ್ಮ ಲಾಯದಲ್ಲಿ ಕೂತು, ಕುದುರೆ ತಿಂದು ಮಿಗಿಸಿದ್ದ ರಾಗೀನ ಮಡಿಲಿಗೆ ಬಳ್ಕೊಳ್ತಿದ್ಲು. ತಲೆ ಎತ್ಲಿಲ್ಲ.

"ಮೊದ್ಲು ಬಿತ್ತೋಣ ಬುದ್ಧಿ. ಬೆಳೆದ ಮೇಲೆ ಕಾಯೋಕೆ ನಾವೇ ಇದ್ದೀವಿ. ಸುಮ್ನೆ ನಿಂತಿದ್ದೀರಲ್ಲ, ಆ ಮೂಲೇಲಿ ಬಿದ್ದಿರೋ ಕಾಳು ಆಯಿರಿ."

ರಾಜ ಬಗ್ಗಿ ಆಯ್ದ.

ಕತೆ ಹೇಳ್ದೋನಿಗೆ ಎಲೆ ಅಡಿಕೆ, ಕೇಳ್ದೋರಿಗೆ ಕಣ್ತುಂಬ ನಿದ್ದೆ, ಕಾಯ್ತೀವಿ ಅಂತ ಬರೋರಿಗೆ ದೂರದಿಂದ್ಲೇ ನಮಸ್ಕಾರ.